ಅತ್ತೆಯ ಗ್ರೇಡು

ಆಗಸ್ಟ್ 4, ಸೋಮವಾರ

ಸೆಮಿಸ್ಟರಿನ ಮೊದಲ ತರಗತಿ. ಹಾಜರಿ ಪಟ್ಟಿಯಲ್ಲಿ ಹದಿನೇಳು ಹೆಸರುಗಳಿದ್ದವು. ಹದಿನಾರು ಜನರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಹದಿನೇಳನೆಯವರು ನನ್ನ ಅತ್ತೆ.

ಅವರು ನಮ್ಮ ವಿಭಾಗದಲ್ಲಿ ಶಿಕ್ಷಣಶಾಸ್ತ್ರದ ಎಂ.ಎ. ಓದುತ್ತಿರುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದ ಮೇಲೆ ನಮ್ಮ ಮನೆಗೆ ಬಂದರು. ಸುಮ್ಮನೆ ಕೂರುವುದು ಅವರ ಮೈಗೆ ಒಗ್ಗಲಿಲ್ಲ. ಕಳೆದ ವರ್ಷ ಅರ್ಜಿ ಹಾಕಿ ಸೇರಿಕೊಂಡರು. ಮೊದಲ ವರ್ಷದ ಪಾಠಗಳೆಲ್ಲ ಬೇರೆಯವರವು. ಕಾರಿಡಾರಿನಲ್ಲಿ ಎದುರಾದರೆ ನಾನು ತಲೆಯಾಡಿಸುತ್ತಿದ್ದೆ, ಅವರು ‘ನಮಸ್ಕಾರ ಸರ್’ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಲಿಸುವ ‘ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ’ ಕಡ್ಡಾಯದ ಕೋರ್ಸು ನಿಜ. ಆದರೆ ಮುಂದಿನ ವರ್ಷ ಹೊಸ ಉಪನ್ಯಾಸಕರೊಬ್ಬರು ಬಂದ ಮೇಲೆ ಅತ್ತೆ ಅದನ್ನು ಅವರ ಬಳಿ ತೆಗೆದುಕೊಳ್ಳುತ್ತಾರೆಂದು ನಾನು ನಂಬಿಕೊಂಡಿದ್ದೆ.

ಹೆಸರು ಕೂಗಿದಾಗ ‘ಹಾಜರ್ ಸರ್’ ಎಂದರು. ಆಟದ ಮೈದಾನದ ಆಚೆ ತುದಿಗೆ ಕೇಳಿಸಲೆಂದು ಪಳಗಿಸಿದ ದನಿ ಅದು. ಮುಂದಿನ ಬೆಂಚಿನ ಹುಡುಗಿಯ ಪೆನ್ನು ಕೆಳಗೆ ಬಿತ್ತು.

ಬೆಳಿಗ್ಗೆ ಒಂದೇ ಮೇಜಿನ ಮೇಲೆ ತಿಂಡಿ ತಿಂದಿದ್ದೆವು. ಅವರು ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಸಂಜೆ ಕೇಳಿದೆ. “ಅತ್ತೆ, ಮೊದಲೇ ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ಬೇಡ ಅಂತಿದ್ರಿ ಅಳಿಯಂದ್ರೇ.”

“ಅಂತಿದ್ದೆ.”

“ಅದಕ್ಕೇ ಹೇಳ್ಲಿಲ್ಲ” ಎಂದು ತಟ್ಟೆಗೆ ಬಡಿಸಿದರು.

ಆಗಸ್ಟ್ 5, ಮಂಗಳವಾರ

ಬೆಳಿಗ್ಗೆಯೇ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದೆ. ಸ್ನಾತಕೋತ್ತರ ನಿಯಮಾವಳಿ ಸಮಿತಿಯ ಕಾರ್ಯದರ್ಶಿ ನಾನೇ. ಕೋರ್ಸು ಸೇರುವುದು, ಬಿಡುವುದು, ಗ್ರೇಡು ಕೊಡುವುದು ಇವಕ್ಕೆಲ್ಲ ಈಗಿರುವ ನಿಯಮಗಳನ್ನು ಮೂರು ವರ್ಷದ ಹಿಂದೆ ನಾನೇ ಕೂತು ಬರೆದದ್ದು. ಅಲ್ಪವಿರಾಮ ಕೂಡ ನನ್ನದೇ. ಹಾಗಾಗಿ ಆತ್ಮವಿಶ್ವಾಸದಿಂದಲೇ ಹೋಗಿದ್ದೆ.

“ಅಧ್ಯಾಪಕರು ತಮ್ಮ ಸಂಬಂಧಿಗಳಿಗೆ ಗ್ರೇಡ್ ಕೊಡುವಂತಿಲ್ಲ ಮೇಡಂ. ನಿಯಮ ಇದೆ.”

ಮುಖ್ಯಸ್ಥೆ ಪುಸ್ತಕ ತೆಗೆದು ಕನ್ನಡಕ ಏರಿಸಿ ಓದಿದರು. “ಸಂಬಂಧಿ ಎಂದರೆ ಪತಿ, ಪತ್ನಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು. ಇದರಲ್ಲಿ ಅತ್ತೆ ಎಲ್ಲಿದಾರೆ ತೋರಿಸಿ.”

ನೋಡಿದೆ. ಎಲ್ಲಿಯೂ ಇರಲಿಲ್ಲ.

“ಬಿಟ್ಟುಹೋಗಿದೆ ಮೇಡಂ.”

“ಯಾರು ಬರೆದಿದ್ದು?”

ಪುಸ್ತಕ ಮುಚ್ಚಿ ಅವರ ಕಡೆ ಸರಿಸಿದೆ.

“ನಿಮ್ಮ ನಿಯಮದ ಪ್ರಕಾರ ಆಕೆ ನಿಮಗೆ ಏನೂ ಆಗಬೇಕಿಲ್ಲ. ಈ ಕೋರ್ಸಿಗೆ ಬೇರೆ ಮೇಷ್ಟ್ರೂ ಇಲ್ಲ. ಹೋಗಿ ಪಾಠ ಮಾಡಿ.”

ಮನೆಯಲ್ಲಿ ಹೆಂಡತಿಗೆ ಇದನ್ನು ಹೇಳಿದ್ದು ತಪ್ಪಾಯಿತು. ಅವಳು ಔಷಧಿ ಅಂಗಡಿ ನಡೆಸುತ್ತಾಳೆ. ದಿನವಿಡೀ ಜನರ ಕೆಮ್ಮು ಕೇಳಿ ಬಂದವಳಿಗೆ ನಗಲು ಏನಾದರೂ ಬೇಕಿರುತ್ತದೆ. ನಗುತ್ತ ನಗುತ್ತ ಹೋಗಿ ಅಮ್ಮನಿಗೂ ಹೇಳಿದಳು. ಅತ್ತೆ ನನ್ನ ಮುಂದೆ ನೀರಿನ ಲೋಟ ಇಟ್ಟು, “ಏನೂ ಆಗಬೇಕಿಲ್ಲದವರ ಮನೇಲಿ ಎಷ್ಟು ದಿನ ಅಂತ ಇರೋದು” ಎಂದರು.

ಆಗಸ್ಟ್ 7, ಗುರುವಾರ

ಸರಾಸರಿ, ಮಧ್ಯಾಂಕ, ಬಹುಲಕ. ಬೋರ್ಡು ಅರ್ಧ ತುಂಬಿತ್ತು. ಹಿಂದಿನಿಂದ ಆ ದನಿ ಬಂತು.

“ಸರ್, ಇದನ್ನ ಬೋರ್ಡಿಗೆ ಹೇಳ್ತಿದೀರಾ, ನಮಗೆ ಹೇಳ್ತಿದೀರಾ?”

ಕುಚೋದ್ಯವಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ತರಗತಿ ನಕ್ಕಿತು. ನಾನು ತಿರುಗಿ ನಿಂತು ಮುಂದುವರಿಸಿದೆ. ತಿರುಗಿ ನಿಂತರೆ ಬರೆಯಲು ಕಷ್ಟ.

ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ, ಈವರೆಗೆ ಯಾರೂ ಹೀಗೆ ದೂರಿರಲಿಲ್ಲ ಎಂದು ರಾತ್ರಿ ಊಟದಲ್ಲಿ ಹೇಳಿದೆ. ಯಾರಿಗೂ ಕೇಳಿಸಿಯೇ ಇರಲಿಲ್ಲವೇನೋ ಎಂದಳು ಹೆಂಡತಿ.

ಆಗಸ್ಟ್ 14, ಗುರುವಾರ

ಅಂಕಪಟ್ಟಿಯಲ್ಲಿ ಗುರುತು ಉಳಿಯದಂತೆ ಕೋರ್ಸು ಬಿಡಲು, ಇಲ್ಲವೇ ಆಡಿಟ್‌ಗೆ ಬದಲಾಯಿಸಿಕೊಳ್ಳಲು ಇಂದು ಕಡೆಯ ದಿನ. ಬೆಳಿಗ್ಗೆ ಅತ್ತೆ ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುವಾಗ ವಿಷಯ ತೆಗೆದೆ.

“ಆಡಿಟ್ ಅಂದ್ರೆ?”

“ಕೂತು ಕೇಳೋದು ಅತ್ತೆ. ಪರೀಕ್ಷೆ ಇಲ್ಲ, ಗ್ರೇಡ್ ಇಲ್ಲ, ತಲೆನೋವಿಲ್ಲ.”

“ಯಾರ ತಲೆನೋವು?”

ಎರಡನೇ ಶೂ ಬಿಚ್ಚಿದ ಮೇಲೆ ಅವರೇ ಹೇಳತೊಡಗಿದರು. ಇಷ್ಟು ದೀರ್ಘವಾಗಿ ಅವರು ನನ್ನೊಡನೆ ಮಾತಾಡಿದ್ದು ಇದೇ ಮೊದಲಿರಬೇಕು. ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯರು ಗಂಟೆ ಹೊಡೆಯುವ ಮೊದಲೇ ಮೈದಾನದಲ್ಲಿರುತ್ತಿದ್ದರಂತೆ. ಏಳರಲ್ಲೂ ಬರುತ್ತಿದ್ದರು. ಎಂಟಕ್ಕೆ ಬಂದೊಡನೆ ಒಬ್ಬೊಬ್ಬರಾಗಿ ಗೋಡೆಯ ಪಕ್ಕ ಕೂರತೊಡಗುತ್ತಿದ್ದರು. ಚೆನ್ನಾಗಿ ಓಡುವವರೇ ಮೊದಲು ಕೂರುತ್ತಿದ್ದರಂತೆ. ಪ್ರತಿ ವರ್ಷವೂ ಹೀಗೇ.

“ಯಾಕೆ ಅಂತ ಮುಖ್ಯೋಪಾಧ್ಯಾಯರನ್ನ ಕೇಳ್ದೆ. ವಯಸ್ಸು ಅಂದ್ರು. ತಾಯಂದಿರನ್ನ ಕೇಳ್ದೆ. ವಯಸ್ಸು ಅಂದ್ರು. ವಯಸ್ಸು ಅನ್ನೋದು ಉತ್ತರ ಅಲ್ಲ ಅಳಿಯಂದ್ರೇ, ಮಾತು ಮುಗಿಸೋಕೆ ಹೇಳೋದು. ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೋಬೇಕು.”

ಅದಕ್ಕಾಗಿ ಪ್ರಬಂಧ ಬರೆಯಬೇಕು. ಮಾರ್ಗದರ್ಶನಕ್ಕೆ ಒಪ್ಪಿರುವವರು ನಮ್ಮ ಹಿರಿಯ ಪ್ರೊಫೆಸರ್ ಒಬ್ಬರೇ, ಅವರೂ ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಜನವರಿಯಲ್ಲಿ ಪ್ರಬಂಧಕ್ಕೆ ನೋಂದಾಯಿಸದಿದ್ದರೆ ಹೋಯಿತು. ನೋಂದಾಯಿಸಲು ನನ್ನ ಕೋರ್ಸಿನಲ್ಲಿ ಕನಿಷ್ಠ ಬಿ ಗ್ರೇಡ್ ಇರಬೇಕು. ಈ ನಿಯಮವೂ ನಾನೇ ಬರೆದದ್ದು. ನೆನಪಿಸಿಕೊಳ್ಳಲು ಅವಕಾಶ ಕೊಡದೆ ಅವರೇ ನೆನಪಿಸಿದರು.

ಆಡಿಟ್ ಮಾತು ಅಲ್ಲಿಗೆ ಬಿತ್ತು.

ಆಗಸ್ಟ್ 28, ಗುರುವಾರ

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಅತ್ತೆ ಕೇಳಿದರು, ಮಾನಕ ವಿಚಲನೆಯಲ್ಲಿ ವರ್ಗ ಮಾಡಿ ಮತ್ತೆ ವರ್ಗಮೂಲ ತೆಗೆಯುವುದೇಕೆ, ಹೋದ ದಾರಿಯಲ್ಲೇ ವಾಪಸು ಬರುವುದಾದರೆ ಹೋಗಿದ್ದೇಕೆ ಎಂದು. ಮನೆಯಲ್ಲಿ ಪಾಠ ಹೇಳಿಕೊಡುವುದು ಉಳಿದ ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದು ವಿನಯದಿಂದಲೇ ವಿವರಿಸಿದೆ.

“ಸರಿ ಸರ್” ಎಂದು ಈರುಳ್ಳಿ ನನ್ನ ಕಡೆ ತಳ್ಳಿದರು. ಹೆಚ್ಚಿದೆ. ಕಣ್ಣಲ್ಲಿ ನೀರು ಬಂತು. ಹೆಂಡತಿ ಬಂದವಳು, “ಅಮ್ಮ ಏನಂದ್ಲು ನಿಮಗೆ?” ಎಂದು ಕೇಳಿದಳು.

ಆದರೆ ಆ ಪ್ರಶ್ನೆ ಒಳ್ಳೆಯದು. ಉತ್ತರ ಹೇಳದೆ ಇರುವುದು ಇಷ್ಟು ಹಿಂಸೆಯೆಂದು ತಿಳಿದಿರಲಿಲ್ಲ. ಒಂದು ದಾರಿ ಹೊಳೆದಿದೆ. ಪ್ರತಿ ಬುಧವಾರ ಮಧ್ಯಾಹ್ನ ಇಡೀ ತರಗತಿಗೆ ಸಂದೇಹ ಕೇಳುವ ಅವಧಿ ಇಡುತ್ತೇನೆ. ಎಲ್ಲರಿಗೂ ಕೊಟ್ಟರೆ ಪಕ್ಷಪಾತವಾಗುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಒಬ್ಬರು ಬರುತ್ತಾರೆಂದು ತಯಾರಾಗಿ ಹೋಗಿದ್ದೆ. ಹನ್ನೊಂದು ಜನ ಬಂದಿದ್ದರು. ಕುರ್ಚಿ ಸಾಲದೆ ಇಬ್ಬರು ಕಿಟಕಿಕಟ್ಟೆಯ ಮೇಲೆ ಕೂತರು. ಮುಂದಿನ ಬೆಂಚಿನ ಹುಡುಗಿ, ಎಲ್ಲದಕ್ಕೂ ತಲೆಯಾಡಿಸುವವಳು, ಮಧ್ಯಾಂಕ ಅಂದರೇನೆಂದು ಮೊದಲ ದಿನದಿಂದಲೂ ತನಗೆ ತಿಳಿದಿಲ್ಲವೆಂದಳು. ಹಾಗಾದರೆ ತಲೆಯಾಡಿಸಿದ್ದೇಕೆ?

“ನೀವು ಬೇಜಾರು ಮಾಡ್ಕೋತೀರಾ ಅಂತ ಸರ್.”

ಒಂದು ಗಂಟೆಯ ಅವಧಿ ಎರಡು ಗಂಟೆಯಾಯಿತು. ಬಹಳ ಸಮಯ ಹಾಳು.

ಸೆಪ್ಟೆಂಬರ್ 22, ಸೋಮವಾರ

ಮಧ್ಯಾವಧಿ ಪರೀಕ್ಷೆಯ ಫಲಿತಾಂಶ ಹಾಕಿದೆ. ನಲವತ್ತಕ್ಕೆ ಅತ್ತೆಗೆ ಹದಿನೈದು.

ಬಿ ಬರಬೇಕಾದರೆ ಒಟ್ಟು ಅರವತ್ತು ಬೇಕು. ಅಂದರೆ ಅಂತಿಮ ಪರೀಕ್ಷೆಯಲ್ಲಿ ಅರವತ್ತಕ್ಕೆ ನಲವತ್ತೈದು ತೆಗೆಯಬೇಕು. ಹದಿನೈದು ತೆಗೆದವರು ಹಾಗೆ ತೆಗೆದದ್ದನ್ನು ನಾನು ನೋಡಿಲ್ಲ.

ಊಟಕ್ಕೆ ಮೂವರೂ ಕೂತಾಗ ಯಾರೂ ಆ ಮಾತೆತ್ತಲಿಲ್ಲ. ಉಪ್ಪಿನ ಡಬ್ಬಿ ಮಾತ್ರ ಬಹಳ ಸಲ ಆ ಕೈಯಿಂದ ಈ ಕೈಗೆ ಹೋಯಿತು.

ಸೆಪ್ಟೆಂಬರ್ 26, ಶುಕ್ರವಾರ

ಕೋರ್ಸಿನಿಂದ ಹಿಂದೆ ಸರಿಯಲು ಇಂದು ಕೊನೆಯ ದಿನ. ಅರ್ಜಿ ನಮೂನೆಯನ್ನು ನಾನೇ ಕಚೇರಿಯಿಂದ ತಂದು ಅತ್ತೆಯ ಮುಂದಿಟ್ಟೆ. ಅಧ್ಯಾಪಕನಾಗಿ ಅದು ನನ್ನ ಕರ್ತವ್ಯ.

“ಹಾಕಿದ್ರೆ ಅಂಕಪಟ್ಟೀಲಿ ಏನು ಬರುತ್ತೆ?”

“ಡಬ್ಲ್ಯೂ ಅಂತ ಒಂದಕ್ಷರ. ಫೇಲ್ ಅಲ್ಲ. ಯಾರೂ ಏನೂ ತಿಳ್ಕೊಳಲ್ಲ ಅತ್ತೆ.”

“ನಾನು ತಿಳ್ಕೋತೀನಲ್ಲ.”

ನಮೂನೆಯನ್ನು ಓದಿದರು. ಕೆಳಗಿನ ಸಣ್ಣಕ್ಷರವನ್ನೂ ಬಿಡದೆ ಓದಿದರು.

“ಓಟದಲ್ಲಿ ಕೊನೇಲಿರೋ ಮಗೂನ ಅರ್ಧಕ್ಕೆ ಕರ್ಕೊಂಡು ಬಂದ್ರೆ ಅದಕ್ಕೆ ಅವಮಾನ ತಪ್ಪುತ್ತೆ ಅಂತ ಹೊಸ ಟೀಚರುಗಳು ಅಂದ್ಕೋತಾರೆ” ಎಂದರು. “ಕಾಲು ಉಳುಕಿದ್ರೆ ಮಾತ್ರ ನಾನು ಕರ್ಕೊಂಡು ಬರ್ತಿದ್ದೆ. ನನ್ನ ಕಾಲು ಉಳುಕಿದೆ ಅನ್ಸುತ್ತಾ ನಿಮಗೆ?”

“ಇಲ್ಲ.”

“ಎಲ್ಲಿ ತಪ್ಪಾಯ್ತು ಅಂತ ಮಾತ್ರ ಬುಧವಾರ ಹೇಳಿ. ಎಲ್ಲರ ಮುಂದೆನೇ ಹೇಳಿ.”

ನಮೂನೆಯನ್ನು ವಾಪಸು ಬ್ಯಾಗಿಗೆ ಹಾಕಿಕೊಂಡೆ. ಮನಸ್ಸು ಹಗುರಾಗಿತ್ತು. ಅರ್ಜಿ ಬಂದಿದ್ದರೆ ಮೂರು ಕಡೆ ಸಹಿ ಮಾಡಿಸಬೇಕಿತ್ತು, ಆ ಓಡಾಟ ತಪ್ಪಿತು.

ಅಕ್ಟೋಬರ್ 9, ಗುರುವಾರ

ಗೋಧಿ ಇಳುವರಿಯ ಉದಾಹರಣೆಗಳನ್ನು ಕೈಬಿಟ್ಟೆ. ನನ್ನ ಹಳೆಯ ಟಿಪ್ಪಣಿಯ ಹಾಳೆಗಳು ಮಡಿಕೆಯಲ್ಲಿ ಹರಿದುಹೋಗಿದ್ದವು, ಹೇಗಿದ್ದರೂ ಹೊಸದಾಗಿ ಬರೆಯಬೇಕಿತ್ತು. ಈಗ ನೂರು ಮೀಟರ್ ಓಟದ ಸಮಯಗಳನ್ನು ಹಾಕಿದ್ದೇನೆ. ಇದಕ್ಕೆ ವಿಶೇಷ ಕಾರಣವೇನೂ ಇಲ್ಲ, ಅಂಕಿಗಳು ಚಿಕ್ಕವು, ಗುಣಿಸಲು ಸುಲಭ.

ಅಕ್ಟೋಬರ್ 16, ಗುರುವಾರ

ತರಗತಿ ಚೆನ್ನಾಗಿ ಆಯಿತು. ಬರೆಯಲು ಏನಿಲ್ಲ.

ಅಕ್ಟೋಬರ್ 30, ಗುರುವಾರ

ಅತ್ತೆಗೆ ಜ್ವರ, ತರಗತಿಗೆ ಬರಲಿಲ್ಲ. ಅವರ ಹಾಜರಿ ಸಾಕಷ್ಟಿದೆ, ಚಿಂತೆಯಿಲ್ಲ. ಇಂದಿನ ಪಾಠ ಸಹಸಂಬಂಧ. ಇಡೀ ಅವಧಿ ಯಾರೂ ನನ್ನನ್ನು ತಡೆಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದರೂ ಗಂಟೆ ಹೊಡೆಯಲು ಸಮಯವಿತ್ತು. ಪಂಖದ ಸದ್ದು ಅಷ್ಟು ಜೋರೆಂದು ಗೊತ್ತಿರಲಿಲ್ಲ.

ಸಹಸಂಬಂಧ ಕಷ್ಟದ ಪಾಠ. ತರಗತಿಯ ಹಿತದೃಷ್ಟಿಯಿಂದ ಸೋಮವಾರ ಮೊದಲಿನಿಂದ ಮತ್ತೊಮ್ಮೆ ಮಾಡುವುದೆಂದು ತೀರ್ಮಾನಿಸಿದ್ದೇನೆ.

ನವೆಂಬರ್ 24, ಸೋಮವಾರ

ಅಂತಿಮ ಪರೀಕ್ಷೆ. ಬೆಳಿಗ್ಗೆ ಅತ್ತೆ ಎಂದಿನಂತೆ ವಾಕಿಂಗ್ ಹೋಗಿ ಬಂದರು. ನನಗೆ ಮಾತ್ರ ತಿಂಡಿ ಸೇರಲಿಲ್ಲ.

ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ಆದರೆ ಅಂಚಿನ ಗೆರೆಯನ್ನು ಆಟದಂಗಳಕ್ಕೆ ಸುಣ್ಣ ಎಳೆದಷ್ಟು ದಪ್ಪಗೆ ಎಳೆಯುವವರು ಈ ತರಗತಿಯಲ್ಲಿ ಒಬ್ಬರೇ.

ಡಿಸೆಂಬರ್ 1, ಸೋಮವಾರ

ಮೌಲ್ಯಮಾಪನ ಮುಗಿಯಿತು. ಆ ಪತ್ರಿಕೆಯನ್ನು ಕೊನೆಗೆ ಉಳಿಸಿಕೊಂಡು ಎಲ್ಲಕ್ಕಿಂತ ನಿಧಾನವಾಗಿ, ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಿದೆ. ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದು. ನಲವತ್ತಮೂರು ಬಂತು. ಒಟ್ಟು ಐವತ್ತೆಂಟು.

ಎರಡು ಅಂಕ ಕಡಿಮೆ. ಕೃಪಾಂಕ ಕೊಡುವಂತಿಲ್ಲ, ಮೇಲಕ್ಕೆ ಸರಿದೂಗಿಸುವಂತಿಲ್ಲ. ಆ ಎರಡು ಸಾಲುಗಳನ್ನು ಬರೆದ ದಿನ ಸಮಿತಿಯಲ್ಲಿ ನನಗೆ ಚಪ್ಪಾಳೆ ತಟ್ಟಿದ್ದರು.

ಸಿ ಎಂದು ತುಂಬಿ ಕಳಿಸಿದೆ. ಸರಿಯಾದದ್ದನ್ನೇ ಮಾಡಿದ್ದೇನೆ. ಮಾಡಿದ ಮೇಲೆ ಸಮಾಧಾನವಾಗಬೇಕಿತ್ತು, ಎಲ್ಲೋ ದಾರಿಯಲ್ಲಿ ತಡವಾಗಿರಬೇಕು.

ಡಿಸೆಂಬರ್ 4, ಗುರುವಾರ

ಫಲಿತಾಂಶ ಹೊರಬಿತ್ತು. ಅತ್ತೆ ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟು ಕೈಕಾಲು ತೊಳೆದರು.

“ಎರಡರಲ್ಲಿ ಹೋಯ್ತು” ಎಂದರು.

“ಅತ್ತೆ, ನಾನು...”

“ರೆಫರಿ ಶಿಳ್ಳೆ ಹಾಕಿದ್ಮೇಲೆ ಮಾತಿಲ್ಲ ಅಳಿಯಂದ್ರೇ. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿದೀನಿ.”

ಹಿರಿಯ ಪ್ರೊಫೆಸರಿಗೆ ಫೋನು ಮಾಡಿ ವಿಷಯ ತಿಳಿಸಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈ ಕಡೆಯಿಂದ ‘ಹೌದು ಸರ್’, ‘ಪರವಾಗಿಲ್ಲ ಸರ್’, ‘ನಿಮ್ಮ ಆರೋಗ್ಯ ನೋಡ್ಕೊಳಿ ಸರ್’ ಎಂಬ ಮೂರು ಮಾತು.

ಹೆಂಡತಿ ನನ್ನೊಡನೆ ಜಗಳವಾಡಲಿಲ್ಲ. ಆಡಿದ್ದರೆ ನನ್ನ ಬಳಿ ಉತ್ತರಗಳಿದ್ದವು.

ಡಿಸೆಂಬರ್ 9, ಮಂಗಳವಾರ

ಉತ್ತರ ಪತ್ರಿಕೆ ನೋಡುವ ದಿನ. ವಿದ್ಯಾರ್ಥಿಗಳು ಬಂದು, ತಮ್ಮ ತಮ್ಮ ಪತ್ರಿಕೆ ತಿರುವಿ, ಆಕ್ಷೇಪವಿದ್ದರೆ ಹೇಳಿ ಹೋಗುತ್ತಾರೆ. ಅತ್ತೆಯೂ ಬಂದಿದ್ದರು. ಮುಂದಿನ ಬೆಂಚಿನ ಹುಡುಗಿಯ ಪಕ್ಕ ಕೂತು ಪತ್ರಿಕೆ ನೋಡಿ, ಮುಚ್ಚಿಟ್ಟು ಹೋದರು. ಆಕ್ಷೇಪವಿಲ್ಲ.

ಎಲ್ಲರೂ ಹೋದ ಮೇಲೆ ಆ ಹುಡುಗಿ ಎರಡು ಪತ್ರಿಕೆ ಹಿಡಿದು ನನ್ನ ಮೇಜಿನ ಬಳಿ ಬಂದಳು.

“ಸರ್, ನನ್ನ ಅಂಕ ಜಾಸ್ತಿಯಾಗಿದೆ.”

ಇಷ್ಟು ವರ್ಷದಲ್ಲಿ ಇಂಥ ಆಕ್ಷೇಪ ಕೇಳಿರಲಿಲ್ಲ. “ಎಲ್ಲಿ?”

“ಐದನೇ ಪ್ರಶ್ನೆ. ಸೂತ್ರ ಸರಿ, ಮೂರನೇ ಹಂತದಲ್ಲಿ ಭಾಗಿಸೋದು ತಪ್ಪಿದೆ. ನನಗೆ ಆರು ಕೊಟ್ಟಿದೀರ.” ಇನ್ನೊಂದು ಪತ್ರಿಕೆಯನ್ನು ಪಕ್ಕದಲ್ಲಿಟ್ಟಳು. ದಪ್ಪ ಅಂಚಿನ ಗೆರೆ. “ಇಲ್ಲೂ ಅದೇ ಸೂತ್ರ, ಅದೇ ತಪ್ಪು. ನಾಲ್ಕು ಕೊಟ್ಟಿದೀರ. ನನ್ನದು ಕಡಿಮೆ ಮಾಡಿ, ಇಲ್ಲಾ ಇದನ್ನ ಜಾಸ್ತಿ ಮಾಡಿ. ಎರಡೂ ಹೀಗೇ ಇರೋದು ಸರಿಯಲ್ಲ.”

“ಅವರು ಕೇಳು ಅಂದ್ರಾ?”

“ಅವರಿಗೆ ಗೊತ್ತಾದ್ರೆ ನನ್ನ ಮೈದಾನ ಸುತ್ತಿಸ್ತಾರೆ ಸರ್.”

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಎಲ್ಲ ಪತ್ರಿಕೆಗಳನ್ನೂ ಹರವಿಕೊಂಡೆ. ಎರಡನೇ ಪ್ರಶ್ನೆಯಲ್ಲಿ ಸೆಕೆಂಡು ಎಂಬ ಏಕಮಾನ ಬರೆಯದಿದ್ದುದಕ್ಕೆ ಅತ್ತೆಗೆ ಒಂದು ಅಂಕ ಕಳೆದಿದ್ದೆ. ಇನ್ನೂ ನಾಲ್ವರು ಬರೆದಿರಲಿಲ್ಲ, ಅವರಿಗೆ ಕಳೆದಿರಲಿಲ್ಲ. ಎಂಟನೆಯದರಲ್ಲಿ ವಿವರಣೆ ಚಿಕ್ಕದಾಯಿತೆಂದು ಮತ್ತೊಂದು. ಅದಕ್ಕಿಂತ ಚಿಕ್ಕದಾಗಿ ಬರೆದವರಿಗೆ ಪೂರ್ತಿ ಸಿಕ್ಕಿತ್ತು.

ಒಲವು ತೋರಿಸಿದೆನೆಂದು ಯಾರೂ ಅನ್ನಬಾರದೆಂದು ಹೆದರಿ ಹೆದರಿ, ಅವರೊಬ್ಬರಿಗೇ ಬೇರೆ ತಕ್ಕಡಿ ಹಿಡಿದಿದ್ದೆ. ಗೊತ್ತಿದ್ದೂ ಮಾಡಿದ್ದಲ್ಲ. ಹಾಗೆಂದು ಬರೆದು ನೋಡಿದರೆ ಅದೇನೂ ದೊಡ್ಡ ಸಮಜಾಯಿಷಿಯಾಗಿ ಕಾಣುತ್ತಿಲ್ಲ.

ಡಿಸೆಂಬರ್ 10, ಬುಧವಾರ

ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ. ಪತ್ರಿಕೆಗಳನ್ನು ನೋಡಿದರು. ಗದರಿಸುತ್ತಾರೆಂದುಕೊಂಡಿದ್ದೆ, ಗದರಿಸಲಿಲ್ಲ.

“ಒಬ್ಬರದನ್ನ ಮಾತ್ರ ತಿದ್ದಿದ್ರೆ ಅತ್ತೆ ಅಂತ ತಿದ್ದಿದ್ರು ಅಂತಾರೆ” ಎಂದರು. “ಇಡೀ ಕಟ್ಟನ್ನ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಕಳಿಸೋಣ. ಅಲ್ಲಿಯವರಿಗೆ ಯಾರು ಯಾರಿಗೆ ಏನಾಗಬೇಕೋ ಗೊತ್ತಿಲ್ಲ. ಕಾರಣ ಬರೆದುಕೊಡಿ.”

‘ಮೌಲ್ಯಮಾಪಕರಿಂದ ಲೋಪ’ ಎಂದು ಬರೆದೆ. ಮುಖ್ಯಸ್ಥೆ ಹಾಳೆಯನ್ನು ವಾಪಸು ತಳ್ಳಿದರು. “ಮೌಲ್ಯಮಾಪಕರು ಅಂದ್ರೆ ಯಾರೋ ದಾರಿಹೋಕರಾ?” ಹೊಸ ಹಾಳೆಯಲ್ಲಿ ‘ನನ್ನಿಂದ’ ಎಂದು ಬರೆದೆ.

ಕೊನೆಗೆ ಅತ್ತೆಗೆ ಹೇಳಬೇಕಾಯಿತು. ಅವರು ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು. ಖುಷಿಪಡುತ್ತಾರೆಂದು ತಿಳಿದಿದ್ದೆ.

“ಅಂದ್ರೆ ನನ್ನ ಪೇಪರ್ ನೋಡೋವಾಗ ನಿಮಗೆ ಕಂಡಿದ್ದು ಪೇಪರ್ ಅಲ್ಲ.”

“ಅತ್ತೆ, ಪಕ್ಷಪಾತ ಆಗಬಾರದು ಅಂತ...”

“ಆ ಪೇಪರಲ್ಲಿ ನಾನು ನಿಮ್ಮ ಹೆಂಡ್ತಿ ತಾಯಿ ಆಗಿರ್ಲಿಲ್ಲ” ಎಂದರು. ದನಿ ಏರಿಸಲಿಲ್ಲ. “ಹದಿನೇಳು ಜನರಲ್ಲಿ ಒಬ್ಬಳಾಗಿದ್ದೆ. ಅಷ್ಟಾಗೋಕೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ? ಜಾಸ್ತಿ ಕೊಟ್ಟಿದ್ರೂ ಇಷ್ಟೇ ಬೇಜಾರಾಗ್ತಿತ್ತು.”

ನನ್ನ ಅಂಗಿಯನ್ನು ಮಡಿಸಿ ಉಳಿದ ಬಟ್ಟೆಗಳಿಂದ ಬೇರೆಯಾಗಿ ಇಟ್ಟರು.

ಡಿಸೆಂಬರ್ 13, ಶನಿವಾರ

ಅತ್ತೆ ಮನೆಯಲ್ಲೂ ಈಗ ನನ್ನನ್ನು ಸರ್ ಎನ್ನುತ್ತಾರೆ. “ಸರ್, ಊಟಕ್ಕೆ ಬನ್ನಿ.” “ಸರ್, ಸ್ನಾನಕ್ಕೆ ನೀರು ಬಿಸಿಯಾಗಿದೆ.”

ಡಿಸೆಂಬರ್ 14, ಭಾನುವಾರ

“ಸರ್, ಸಕ್ಕರೆ ಸಾಕಾ?”

ಡಿಸೆಂಬರ್ 17, ಬುಧವಾರ

ಬೆಳಿಗ್ಗೆ ಬೇಗ ಎದ್ದು ಅತ್ತೆಯ ಜೊತೆ ವಾಕಿಂಗ್ ಹೊರಟೆ. ಅವರು ಬೇಡವೆನ್ನಲಿಲ್ಲ, ನಿಧಾನವಾಗಿಯೂ ನಡೆಯಲಿಲ್ಲ. ಅಂಚೆ ಕಚೇರಿಯ ತನಕ ನನಗೆ ಮಾತಾಡಲು ಉಸಿರೇ ಇರಲಿಲ್ಲ. ಪಾರ್ಕಿನ ಬೆಂಚು ಕಂಡಾಗ ಕುಸಿದು ಕೂತೆ.

“ಅತ್ತೆ, ನನ್ನದು ತಪ್ಪಾಯ್ತು.”

“ಯಾವ ಪ್ರಶ್ನೇಲಿ?”

“ಎರಡು, ಐದು, ಎಂಟು.” ಉಸಿರು ಎಳೆದುಕೊಂಡೆ. “ಅದಲ್ಲದೆ, ಮೊದಲ ದಿನದಿಂದ. ನೀವು ಬಿಟ್ಟುಹೋಗಲಿ ಅಂತ ನನಗಿತ್ತು. ನಿಮಗೆ ಕಷ್ಟವಾಗುತ್ತೆ ಅಂತ ಅಲ್ಲ, ನನಗೆ ಮುಜುಗರ ಅಂತ.”

ಅತ್ತೆ ಪಕ್ಕದಲ್ಲಿ ಕೂತರು. ನಾಯಿಯೊಂದನ್ನು ಕರೆದುಕೊಂಡು ಹೋಗುತ್ತಿದ್ದವರು ಅವರಿಗೆ ಕೈಬೀಸಿ ಮುಂದೆ ಹೋದರು.

“ಗೊತ್ತಿತ್ತು” ಎಂದರು. “ಆ ನಮೂನೆ ತಂದಿಟ್ಟಾಗ ನಿಮ್ಮ ಮುಖ ನೋಡಿದ್ದೆ. ಬಿಡಲ್ಲ ಅಂದಾಗಲೂ ನೋಡ್ದೆ. ಎರಡು ಸಲಕ್ಕೂ ವ್ಯತ್ಯಾಸ ಇತ್ತು.”

“ಏನು ವ್ಯತ್ಯಾಸ?”

“ಲೆಕ್ಕದ ಮೇಷ್ಟ್ರು ನೀವು. ತೆಗೀರಿ.” ಎದ್ದು ನಿಂತರು. “ಏಳಿ ಅಳಿಯಂದ್ರೇ, ಕೂತ್ರೆ ಕಾಲು ಹಿಡ್ಕೊಳುತ್ತೆ.”

ವಾಪಸು ಬರುವಾಗ ಸ್ವಲ್ಪ ನಿಧಾನವಾಗಿ ನಡೆದರು. ನನಗಾಗಿ ಅಲ್ಲವಂತೆ, ಬಿಸಿಲು ಬಂತಂತೆ.

ಡಿಸೆಂಬರ್ 19, ಶುಕ್ರವಾರ

ಸಂಖ್ಯಾಶಾಸ್ತ್ರ ವಿಭಾಗದಿಂದ ಪತ್ರಿಕೆಗಳು ಬಂದವು. ಮುಂದಿನ ಬೆಂಚಿನ ಹುಡುಗಿಗೆ ಮೂರು ಅಂಕ ಇಳಿದಿದೆ, ಗ್ರೇಡ್ ಬದಲಾಗಿಲ್ಲ. ಹಿಂದಿನ ಸಾಲಿನ ಒಬ್ಬನಿಗೆ ಐದು ಏರಿದೆ, ಖುಷಿಯಲ್ಲಿ ಅವನು ಯಾಕೆಂದು ಕೇಳುವ ಸ್ಥಿತಿಯಲ್ಲಿಲ್ಲ. ಅತ್ತೆಗೆ ನಲವತ್ತೇಳು. ಒಟ್ಟು ಅರವತ್ತೆರಡು. ಬಿ.

ಕಚೇರಿಯಿಂದಲೇ ಫೋನು ಮಾಡಿ ಹೇಳಿದೆ. ಲೈನು ಕಟ್ಟಾಯಿತೆಂದುಕೊಂಡೆ.

“ಅತ್ತೆ?”

“ಇದೀನಿ” ಎಂದರು. “ಮಧ್ಯಾವಧೀಲಿ ಹದಿನೈದು ಬಂದಿದ್ದಾದ್ರೂ ಸರಿಯಿತ್ತಾ?”

“ಅದು ಸರಿಯಿತ್ತು. ನಿಮಗೆ ಆಗ ಏನೂ ಬರ್ತಿರ್ಲಿಲ್ಲ.”

“ಹಾಗಾದ್ರೆ ಇದನ್ನೂ ನಂಬಬಹುದು” ಎಂದು ಫೋನಿಟ್ಟರು.

ಜನವರಿ 24, ಶನಿವಾರ

ಅತ್ತೆಯ ಪ್ರಬಂಧದ ಕೆಲಸ ಶುರುವಾಗಿದೆ. ಇಂದು ಅವರದೇ ಹಳೆಯ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯರನ್ನು ಮಾತಾಡಿಸುವುದಿತ್ತು. ಬರೆದುಕೊಳ್ಳಲು ಒಬ್ಬರು ಬೇಕೆಂದು ನಾನೇ ಹೊರಟೆ. ಹುಡುಗಿಯರು ಗೋಡೆಯ ನೆರಳಲ್ಲಿ ಸಾಲಾಗಿ ಕೂತಿದ್ದರು. ನಾನು ಹಾಳೆ ಹಿಡಿದು ನಿಂತೆ. ಯಾರೂ ಬಾಯಿ ಬಿಡಲಿಲ್ಲ. ಅತ್ತೆ ನನ್ನನ್ನು ನೋಡಿ ಕಣ್ಣಲ್ಲೇ ಗೇಟಿನ ಕಡೆ ತೋರಿಸಿದರು.

ಗೇಟಿನ ಹೊರಗೆ ಒಂದೂವರೆ ಗಂಟೆ ನಿಂತೆ. ನಾನು ಹೋದ ಮೇಲೆ ಎಲ್ಲರೂ ಮಾತಾಡಿದರಂತೆ. ಬಸ್ಸಿನಲ್ಲಿ ಕೇಳಿದೆ, ಏನಂದರು ಎಂದು.

“ಹೇಳೋ ಹಾಗಿಲ್ಲ. ಮಕ್ಕಳು ಹೇಳಿದ್ದನ್ನ ಮನೆಯವರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಸುಳಿವಾದರೂ...”

“ಹೊರಗೆ ನೋಡಿ, ನಮ್ಮ ಸ್ಟಾಪ್ ಬಂತು.”

ಬಂದಿರಲಿಲ್ಲ. ಇನ್ನೂ ಎರಡು ಸ್ಟಾಪ್ ಇತ್ತು.

ಜನವರಿ 25, ಭಾನುವಾರ

ಮಧ್ಯಾಹ್ನದ ಊಟಕ್ಕೆ ಮೂವರೂ ಕೂತಿದ್ದೆವು. ಗೇಟಿನ ಹೊರಗೆ ನನ್ನನ್ನು ನಿಲ್ಲಿಸಿದ ಕಥೆಯನ್ನು ಅತ್ತೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಹೆಂಡತಿ ನಗುತ್ತಿದ್ದಳು. ನಗು ನಿಂತ ಮೇಲೆ, ತಟ್ಟೆಯಿಂದ ತಲೆಯೆತ್ತದೆ ಕೇಳಿದಳು.

“ನಿನ್ನ ಪಟ್ಟೀಲಿ ನಾನಿಲ್ವಾ ಅಮ್ಮ?”

ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

ಇವಳು ಓಡುತ್ತಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು. ಬಸ್ಸು ಹೊರಟುಹೋಗುತ್ತಿದ್ದರೂ ನಡೆದೇ ಹೋಗುವವಳು.

“ನೀನೂ ಎಂಟನೇ ಕ್ಲಾಸಲ್ಲೇ ಬಿಟ್ಟೆ” ಎಂದರು ಅತ್ತೆ.

“ಬಿಟ್ಟೆ. ಯಾಕೆ ಅಂತ ನೀನು ಕೇಳ್ಲೇ ಇಲ್ಲ.”

“ಕೇಳ್ದೆ. ಎಷ್ಟು ಸಲ ಕೇಳ್ದೆ.”

“ಬೈದೆ ಅಮ್ಮ. ಕೇಳ್ಲಿಲ್ಲ.”

ಯಾರೂ ಉಣ್ಣಲಿಲ್ಲ. ಅತ್ತೆ ಸೌಟನ್ನು ಪಾತ್ರೆಯಲ್ಲಿಟ್ಟು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಅಳುಕನ್ನು ನಾನು ಪರೀಕ್ಷೆಯ ದಿನ ಕೂಡ ಕಂಡಿರಲಿಲ್ಲ.

“ಅಳಿಯಂದ್ರೇ, ಮನೆಯವರನ್ನೇ ಕೇಳಬಹುದಾ, ಸಂಶೋಧನೇಲಿ?”

ಕೇಳಬಾರದು. ಉತ್ತರ ಕೊಡುವವರು ಕೇಳುವವರ ಸಂಬಂಧಿಯಾಗಿದ್ದರೆ ಆ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಾನೇ ಪಾಠ ಮಾಡಿದ್ದೇನೆ, ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೇನೆ.

“ಕೇಳಿ ಅತ್ತೆ” ಎಂದೆ.

ಅಮ್ಮ ಮಗಳು ಕೈತೊಳೆದು ಒಳಗಿನ ಕೋಣೆಗೆ ಹೋದರು. ಅತ್ತೆ ಕಾಗದವನ್ನಾಗಲಿ ಪೆನ್ನನ್ನಾಗಲಿ ತೆಗೆದುಕೊಂಡು ಹೋಗಲಿಲ್ಲ. ಬಾಗಿಲು ಹಾಕಿಕೊಂಡಿತು.

ನಾನು ಮೇಜಿನ ಮೇಲಿನ ಪಾತ್ರೆಗಳನ್ನೆಲ್ಲ ಎತ್ತಿ ಸಿಂಕಿಗೆ ಹಾಕಿದೆ. ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಹೆಂಡತಿಯ ದನಿ ಸಣ್ಣಗೆ ಶುರುವಾದದ್ದು ಕೇಳಿಸಿತು. ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ತಟ್ಟೆ ತೊಳೆದೆ, ಲೋಟ ತೊಳೆದೆ, ಸೌಟು ತೊಳೆದ ಮೇಲೆ ತೊಳೆಯಲು ಏನೂ ಉಳಿಯಲಿಲ್ಲ. ಒಳಗೆ ಮಾತು ಇನ್ನೂ ನಡೆದೇ ಇತ್ತು. ನಲ್ಲಿ ನಿಲ್ಲಿಸಿದರೆ ಕೇಳಿಸಿಬಿಡುತ್ತದೆಂದು, ತೊಳೆದಿಟ್ಟ ತಟ್ಟೆಗಳನ್ನು ಇಳಿಸಿಕೊಂಡು ಮತ್ತೆ ಮೊದಲಿನಿಂದ ತೊಳೆಯತೊಡಗಿದೆ.